ಹೋಮ್ ಲೋನ್ ಜೊತೆ ತಲೆಗೆ ಕಟ್ಟಿದ ಇನ್ಶೂರೆನ್ಸ್: ದುಡ್ಡು ವಾಪಸ್ ಪಡೆಯುವುದು ಹೇಗೆ?

ಹೋಮ್ ಲೋನ್ ಇರುವವರು ಮೊದಲು ಲೋನ್ ಅಕೌಂಟಿನ ಸ್ಟೇಟ್‌ಮೆಂಟ್ ತೆಗೆದು ಮೊದಲ ಪುಟ ನೋಡಿ. ನೀವು ಕೇಳಿದ್ದು 40 ಲಕ್ಷ, ಸಾಲ ಶುರುವಾಗಿದ್ದು 41 ಲಕ್ಷ 60 ಸಾವಿರದಿಂದ ಅಂತಿದ್ದರೆ ಆ ಹೆಚ್ಚಿನ ದುಡ್ಡು ಎಲ್ಲಿ ಹೋಯಿತು? ಬಹಳ ಸಲ ಅದು ಒಂದು ವಿಮೆ ಕಂಪನಿಗೆ ಹೋಗಿರುತ್ತದೆ. ಲೋನ್ ಪ್ರೊಟೆಕ್ಷನ್, ಕ್ರೆಡಿಟ್ ಲೈಫ್, ಇಎಂಐ ಸುರಕ್ಷೆ ಅಂತ ಹೆಸರು ಏನೇನೋ ಇರುತ್ತದೆ. ಸಾಲಗಾರ ತೀರಿಕೊಂಡರೆ ಬಾಕಿ ಸಾಲವನ್ನು ವಿಮೆ ಕಂಪನಿ ಕಟ್ಟುತ್ತದೆ ಅನ್ನುವುದು ಇದರ ತಿರುಳು. ಕೆಲವದರಲ್ಲಿ ಅಪಘಾತ, ದೊಡ್ಡ ಕಾಯಿಲೆ, ಕೆಲಸ ಹೋದರೆ ಕೆಲವು ತಿಂಗಳ ಕಂತು ಇವೂ ಸೇರಿರುತ್ತವೆ.

ವಿಮೆ ಕೆಟ್ಟದ್ದಲ್ಲ. ಆದರೆ ಅದನ್ನು ಮಾರುವ ರೀತಿ ಬಹಳ ಕಡೆ ಸರಿ ಇಲ್ಲ. ನಾಳೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟ್ರೇಷನ್, ಮಾರುವವರಿಗೆ ಡಿಡಿ ಕೊಡಬೇಕು, ಇವತ್ತು ಸಂಜೆ ನಾಲ್ಕು ಗಂಟೆಗೆ ಬ್ಯಾಂಕಿನಲ್ಲಿ ಕೂತು ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡುತ್ತಿದ್ದೀರಿ. ಕಟ್ಟಿನ ನಡುವೆ ಎಲ್ಲೋ ವಿಮೆಯ ಅರ್ಜಿ. 'ಇದೇನು?' ಅಂದರೆ 'ಇನ್ಶೂರೆನ್ಸ್ ಸರ್, ಎಲ್ಲರಿಗೂ ಕಂಪಲ್ಸರಿ, ಇದಿಲ್ಲದೆ ಫೈಲ್ ಮುಂದೆ ಹೋಗಲ್ಲ' ಅನ್ನುತ್ತಾರೆ. ಆ ಹೊತ್ತಿನಲ್ಲಿ ಯಾರು ತಾನೇ ಜಗಳ ಆಡುತ್ತಾರೆ? ಅದು ಕಂಪಲ್ಸರಿ ಅಲ್ಲ. ಬ್ಯಾಂಕ್ ಕೊಡುವ ಸೇವೆಗೂ ಅದು ಮಾರುವ ವಿಮೆಗೂ ನೇರವಾಗಿಯಾಗಲಿ ಸುತ್ತಿ ಬಳಸಿಯಾಗಲಿ ಗಂಟು ಹಾಕಬಾರದು, ವಿಮೆ ತೆಗೆದುಕೊಳ್ಳುವುದು ಗ್ರಾಹಕರ ಇಷ್ಟ ಅಂತ ಆರ್‌ಬಿಐ 2015ರಲ್ಲೇ ಬ್ಯಾಂಕ್‌ಗಳಿಗೆ ಹೇಳಿದೆ. ಇಂಥದ್ದೇ ಕಂಪನಿಯ ಪಾಲಿಸಿ ತೆಗೆದುಕೊಳ್ಳಿ ಅಂತ ಒತ್ತಾಯ ಮಾಡುವುದೂ ತಪ್ಪು.

ಇಲ್ಲಿ ಒಂದು ವಿಷಯ ಕಲಸಿಕೊಳ್ಳಬೇಡಿ. ಮನೆಯ ಕಟ್ಟಡಕ್ಕೆ ಬೆಂಕಿ, ಪ್ರವಾಹದ ವಿಮೆ ಬೇರೆ, ನಿಮ್ಮ ಜೀವಕ್ಕೆ ಅಥವಾ ಕಂತಿಗೆ ಮಾಡಿಸುವ ವಿಮೆ ಬೇರೆ. ಕಟ್ಟಡ ಬ್ಯಾಂಕಿಗೆ ಅಡಮಾನ ಇರುವುದರಿಂದ ಅದಕ್ಕೆ ವಿಮೆ ಮಾಡಿಸಿ ಅಂತ ಸಾಲದ ಕರಾರಿನಲ್ಲೇ ಷರತ್ತು ಇರುವುದು ಸಾಮಾನ್ಯ, ಅದು ಅಗ್ಗವೂ ಹೌದು. ಆದರೂ ಕಂಪನಿ ಯಾವುದು ಅನ್ನುವ ಆಯ್ಕೆ ನಿಮ್ಮದೇ.

ಇದರಿಂದ ಎಷ್ಟು ಹೋಗುತ್ತದೆ?

ಪ್ರೀಮಿಯಂ 1,60,000 ರೂಪಾಯಿ ಅಂತ ಇಟ್ಟುಕೊಳ್ಳಿ. ಅದನ್ನು ನಿಮ್ಮ ಕೈಯಿಂದ ಕಟ್ಟಿಸಿಕೊಳ್ಳದೆ ಸಾಲಕ್ಕೇ ಸೇರಿಸಿದರು. ಬಡ್ಡಿ 8.5%, ಅವಧಿ 20 ವರ್ಷ. 40 ಲಕ್ಷಕ್ಕೆ ಕಂತು ಸುಮಾರು 34,713 ರೂಪಾಯಿ, 41.6 ಲಕ್ಷಕ್ಕೆ ಸುಮಾರು 36,101. ತಿಂಗಳಿಗೆ ಹೆಚ್ಚು ಕಡಿಮೆ 1,388 ರೂಪಾಯಿ ಜಾಸ್ತಿ. ಸಣ್ಣ ಮೊತ್ತ ಅನ್ನಿಸುತ್ತದೆ ಅಲ್ವಾ? 240 ತಿಂಗಳಿಗೆ ಗುಣಿಸಿ. 3 ಲಕ್ಷ 33 ಸಾವಿರ ದಾಟುತ್ತದೆ. ಅಂದರೆ ವಿಮೆಗೆ ಬಡ್ಡಿ ಕಟ್ಟಿ ಕಟ್ಟಿ ಅದರ ಬೆಲೆ ಎರಡು ಪಟ್ಟಾಗಿದೆ. ಇನ್ನೊಂದು ಕಡೆ, ಸಾಲ ತೀರುತ್ತಾ ಬಂದ ಹಾಗೆ ವಿಮೆಯ ಮೊತ್ತವೂ ಇಳಿಯುತ್ತಾ ಬರುತ್ತದೆ. ಇನ್ನು ಕೆಲವು ಪಾಲಿಸಿಗಳು ಸಾಲ 20 ವರ್ಷದ್ದಾದರೂ ಐದೋ ಹತ್ತೋ ವರ್ಷಕ್ಕೇ ಮುಗಿದುಹೋಗುತ್ತವೆ. ಕಂತು ಮಾತ್ರ ಕೊನೆವರೆಗೆ.

ಮೊದಲು ಕಾಗದ ಒಟ್ಟು ಮಾಡಿ

ಶಾಖೆಗೆ ಹೋಗಿ ಕೂಗಾಡುವುದರಿಂದ ಏನೂ ಆಗುವುದಿಲ್ಲ. ನಿಮಗೆ ವಿಮೆ ಮಾರಿದ ಹುಡುಗ ಈಗ ಬೇರೆ ಊರಿಗೋ ಬೇರೆ ಬ್ಯಾಂಕಿಗೋ ಹೋಗಿರುತ್ತಾನೆ, ಅವನು ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇಲ್ಲ. ಕಾಗದ ಮಾತ್ರ ಅಲ್ಲೇ ಇರುತ್ತದೆ. ಸ್ಯಾಂಕ್ಷನ್ ಲೆಟರ್, ಸಾಲದ ಕರಾರು, ಸಾಲ ಬಿಡುಗಡೆಯಾದ ದಿನದಿಂದ ಇವತ್ತಿನವರೆಗಿನ ಸ್ಟೇಟ್‌ಮೆಂಟ್, ವಿಮೆಯ ಪಾಲಿಸಿ ಇವು ಬೇಕು. ಬ್ಯಾಂಕ್ ಮೂಲಕ ಬರುವ ವಿಮೆ ಬಹುಪಾಲು ಗುಂಪು ಪಾಲಿಸಿ. ಮುಖ್ಯ ಪಾಲಿಸಿ ಬ್ಯಾಂಕಿನ ಹೆಸರಲ್ಲಿರುತ್ತದೆ, ನಿಮಗೆ ಸಿಗುವುದು ಸರ್ಟಿಫಿಕೇಟ್ ಆಫ್ ಇನ್ಶೂರೆನ್ಸ್ ಅನ್ನುವ ಒಂದೆರಡು ಪುಟ. ಅದೂ ಕೈಗೆ ಬಂದಿಲ್ಲ ಅಂದರೆ ಇಮೇಲ್‌ನ ಸ್ಪ್ಯಾಮ್ ಫೋಲ್ಡರ್ ಹುಡುಕಿ, ಆಮೇಲೆ ವಿಮೆ ಕಂಪನಿಗೆ ಮೇಲ್ ಹಾಕಿ ಕೇಳಿ.

ನೀವು ಸಹಿ ಮಾಡಿದ ಪ್ರಪೋಸಲ್ ಫಾರ್ಮಿನ (ವಿಮೆಯ ಅರ್ಜಿ) ಪ್ರತಿಯನ್ನೂ ಕೇಳಲೇಬೇಕು. ಇದು ಬಹಳ ಮುಖ್ಯ. ನಿಮ್ಮ ಉದ್ಯೋಗ, ಆದಾಯ, ಆರೋಗ್ಯದ ಬಗ್ಗೆ ಅದರಲ್ಲಿ ಏನು ತುಂಬಿದ್ದಾರೆ ಅಂತ ನೀವೇ ನೋಡಿರುವುದಿಲ್ಲ. ಶುಗರ್ ಇದೆ ಅಂತ ನೀವು ಬಾಯಲ್ಲಿ ಹೇಳಿರುತ್ತೀರಿ, ಫಾರ್ಮಿನಲ್ಲಿ 'ಯಾವ ಕಾಯಿಲೆಯೂ ಇಲ್ಲ' ಅಂತ ಟಿಕ್ ಹಾಕಿರುತ್ತಾರೆ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಇದೇ ಕಾರಣ ಕೊಟ್ಟು ಕ್ಲೇಮ್ ತಳ್ಳಿಹಾಕಲು ನೋಡುತ್ತಾರೆ. ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಪಾಲಿಸಿಗೆ 3 ವರ್ಷ ತುಂಬಿದ ಮೇಲೆ ಜೀವವಿಮೆಯ ಪಾಲಿಸಿಯನ್ನು ಹೀಗೆ ಪ್ರಶ್ನೆ ಮಾಡುವ ಹಾಗಿಲ್ಲ, ಅಲ್ಲಿಯವರೆಗೆ ಅಪಾಯ ಇದ್ದೇ ಇದೆ. ಒಟಿಪಿ ಕೊಟ್ಟು ಒಪ್ಪಿದ್ದರೆ ಅದರ ದಾಖಲೆ, ವಿಮೆ ಕಂಪನಿಯಿಂದ ಪರಿಶೀಲನೆಗೆ ಕರೆ ಬಂದಿದ್ದರೆ ಅದರ ರೆಕಾರ್ಡಿಂಗ್ ಇವನ್ನೂ ಕೇಳಿ. ಬ್ಯಾಂಕಿನವರ ಜೊತೆಗಿನ ವಾಟ್ಸ್ಆ್ಯಪ್ ಮಾತುಕತೆ ಇದ್ದರೆ ಅಳಿಸಬೇಡಿ. 'ಇನ್ಶೂರೆನ್ಸ್ ಮಾಡಿಸಿದ್ರೆ ಇವತ್ತೇ ಡಿಸ್ಬರ್ಸ್ ಆಗುತ್ತೆ' ಅನ್ನುವ ಒಂದು ಸಾಲಿನ ಮೆಸೇಜ್ ನಿಮ್ಮ ಹತ್ತು ಪುಟದ ದೂರಿಗಿಂತ ಹೆಚ್ಚು ತೂಗುತ್ತದೆ.

ಸಾಲ 2024ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಮಂಜೂರಾಗಿದ್ದರೆ ನಿಮ್ಮ ಕೈಯಲ್ಲಿ ಇನ್ನೊಂದು ಅಸ್ತ್ರ ಇದೆ. ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನುವ ಕಾಗದವನ್ನು ಬ್ಯಾಂಕ್ ಕೊಡಲೇಬೇಕು. ಸಾಲಕ್ಕೆ ತಗಲುವ ಒಟ್ಟು ವೆಚ್ಚ ಅದರಲ್ಲಿರಬೇಕು, ವಿಮೆಯಂಥ ಹೊರಗಿನವರ ಶುಲ್ಕವೂ ಸೇರಿ. ಅದರಲ್ಲಿ ಬರೆಯದ ಯಾವ ಶುಲ್ಕವನ್ನೂ ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ವಸೂಲಿ ಮಾಡುವ ಹಾಗಿಲ್ಲ. ಅಷ್ಟೇ ಅಲ್ಲ, ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಓದಿ ವಿವರಿಸಿ ಒಪ್ಪಿಗೆ ಪಡೆದಿರಬೇಕು. ಹಾವೇರಿಯಲ್ಲೋ ಹಾಸನದಲ್ಲೋ ಕನ್ನಡ ಮಾತ್ರ ಓದಲು ಬರುವ ನಿಮ್ಮ ಅಪ್ಪನ ಹತ್ತಿರ ಇಂಗ್ಲಿಷಿನ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರೆ ಅದನ್ನೇ ದೂರಿನಲ್ಲಿ ಬರೆಯಿರಿ.

ಇದು ಮೋಸದ ಮಾರಾಟ ಹೌದಾ?

ದುಬಾರಿ ಅನ್ನಿಸಿದ ಮಾತ್ರಕ್ಕೆ ಮೋಸ ಆಗುವುದಿಲ್ಲ. ಎಲ್ಲ ಗೊತ್ತಿದ್ದು ಒಪ್ಪಿ ತೆಗೆದುಕೊಂಡಿದ್ದರೆ, ಈಗ ಬೇಡ ಅನ್ನಿಸಿದ್ದಕ್ಕೆ ಪೂರ್ತಿ ದುಡ್ಡು ಬರುವುದಿಲ್ಲ. ಇದನ್ನು ನಿಮ್ಮೊಳಗೆ ನೀವೇ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಕಡ್ಡಾಯ ಅಂತ ಹೇಳಿದ್ದರಾ? ಪ್ರೀಮಿಯಂ ಸಾಲಕ್ಕೆ ಸೇರುತ್ತದೆ, ಅದಕ್ಕೂ ಬಡ್ಡಿ ಬೀಳುತ್ತದೆ ಅಂತ ಹೇಳಿದ್ದರಾ? ವಿಮೆ ಎಷ್ಟು ವರ್ಷಕ್ಕೆ ಅಂತ ತಿಳಿಸಿದ್ದರಾ? ಆರೋಗ್ಯದ ಪ್ರಶ್ನೆ ಕೇಳದೆಯೇ ಉತ್ತರ ತುಂಬಿದ್ದರಾ? ಗಂಡ ಹೆಂಡತಿ ಇಬ್ಬರೂ ಸೇರಿ ಸಾಲ ಮಾಡಿ, ಸಂಬಳ ತರುವವರನ್ನು ಬಿಟ್ಟು ಇನ್ನೊಬ್ಬರ ಹೆಸರಿಗೆ ವಿಮೆ ಮಾಡಿದ್ದಾರಾ?

ಕೆಲಸ ಹೋದರೆ ಕಂತು ಕಟ್ಟುವ ವಿಮೆಯಲ್ಲಿ ತಪ್ಪು ಮಾರಾಟವನ್ನು ತೋರಿಸುವುದು ಸುಲಭ. ಸಾಮಾನ್ಯವಾಗಿ ಇದು ಸಂಬಳದ ನೌಕರಿಯಲ್ಲಿ ಇರುವವರಿಗೆ ಮಾತ್ರ, ಅದೂ ಮೂರು ಕಂತಿನ ಆಸುಪಾಸು. ನೀವೇ ರಾಜೀನಾಮೆ ಕೊಟ್ಟರೆ ಇಲ್ಲ, ಕೆಲಸ ಚೆನ್ನಾಗಿ ಮಾಡಿಲ್ಲ ಅಂತ ತೆಗೆದರೆ ಇಲ್ಲ, ಪ್ರೊಬೇಷನ್‌ನಲ್ಲಿದ್ದರೆ ಇಲ್ಲ. ಐಟಿ ಕಂಪನಿಗಳು ಜನರನ್ನು ಕರೆದು 'ನೀವೇ ರಾಜೀನಾಮೆ ಬರೆದುಕೊಡಿ' ಅನ್ನುವುದು ಬೆಂಗಳೂರಿನವರಿಗೆ ಗೊತ್ತಿದೆ. ಹಾಗೆ ಬರೆದುಕೊಟ್ಟರೆ ಈ ವಿಮೆಯಿಂದ ಬಿಡಿಗಾಸು ಹುಟ್ಟುವುದು ಕಷ್ಟ. ಇನ್ನು ದಿನಸಿ ಅಂಗಡಿ ಇಟ್ಟುಕೊಂಡವರಿಗೆ, ಸ್ವಂತ ಗ್ಯಾರೇಜ್ ಇರುವವರಿಗೆ, ಅಡಿಕೆ ತೋಟದ ಆದಾಯ ತೋರಿಸಿ ಸಾಲ ಪಡೆದವರಿಗೆ ಇಂಥ ವಿಮೆ ಮಾರಿದ್ದರೆ ಅವರು ಕ್ಲೇಮ್ ಮಾಡುವ ಸಾಧ್ಯತೆಯೇ ಇರಲಿಲ್ಲ. ನಿಮ್ಮ ಆದಾಯದ ಕಾಗದ ಬ್ಯಾಂಕಿನ ಫೈಲಿನಲ್ಲೇ ಇತ್ತು, ಆದರೂ ಮಾರಿದರು. ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಪಾಲಿಸಿ ಬಂದು 30 ದಿನ ಆಗಿಲ್ಲವಾ? ಇವತ್ತೇ ಮೇಲ್ ಹಾಕಿ

ಜೀವವಿಮೆ, ಆರೋಗ್ಯವಿಮೆಗೆ ಫ್ರೀ ಲುಕ್ ಅಂತ ಒಂದು ಅವಕಾಶ ಇದೆ. ಪಾಲಿಸಿ ಕೈಗೆ ಬಂದ ದಿನದಿಂದ 30 ದಿನದೊಳಗೆ ಬೇಡ ಅನ್ನಬಹುದು. ಮೊದಲು ಸಾಮಾನ್ಯವಾಗಿ 15 ದಿನ ಇತ್ತು, 2024ರಲ್ಲಿ ವಿಮೆ ಕಂಪನಿಗಳ ಮೇಲ್ವಿಚಾರಣೆ ಮಾಡುವ ಐಆರ್‌ಡಿಎಐ ಅದನ್ನು 30 ಮಾಡಿತು. ಮೋಸ ಆಗಿದೆ ಅಂತ ಇಲ್ಲಿ ಸಾಬೀತು ಮಾಡಬೇಕಿಲ್ಲ. ಅಷ್ಟು ದಿನ ರಿಸ್ಕ್ ಹೊತ್ತಿದ್ದಕ್ಕೆ ಸಣ್ಣ ಮೊತ್ತ, ವೈದ್ಯಕೀಯ ಪರೀಕ್ಷೆ ಆಗಿದ್ದರೆ ಅದರ ಖರ್ಚು, ಸ್ಟ್ಯಾಂಪ್ ಡ್ಯೂಟಿ ಇಷ್ಟು ಕಳೆದು ಉಳಿದದ್ದನ್ನು ವಾಪಸ್ ಕೊಡಬೇಕು. ಅರ್ಜಿ ತಲುಪಿ 7 ದಿನದೊಳಗೆ ಕೊಡಬೇಕು ಅನ್ನುವುದು ನಿಯಮ.

ಇಲ್ಲಿ ಒಂದು ಆಟ ನಡೆಯುತ್ತದೆ. ಶಾಖೆಯಲ್ಲಿ ಕೇಳಿದರೆ 'ಮ್ಯಾನೇಜರ್ ರಜೆ, ಮುಂದಿನ ವಾರ ಬನ್ನಿ' ಅನ್ನುತ್ತಾರೆ. ಮುಂದಿನ ವಾರ ಇನ್ನೊಂದು ಕಾರಣ. ಹಾಗೇ ದಿನ ಕಳೆಯುತ್ತದೆ. ನೀವು ಶಾಖೆಯನ್ನು ಕಾಯಲೇಬೇಡಿ. ಸರ್ಟಿಫಿಕೇಟ್‌ನಲ್ಲಿ ಕೊಟ್ಟಿರುವ ವಿಮೆ ಕಂಪನಿಯ ಇಮೇಲ್‌ಗೆ ನೇರವಾಗಿ ಬರೆಯಿರಿ, ಬ್ಯಾಂಕಿಗೂ ಪ್ರತಿ ಹಾಕಿ. ಪಾಲಿಸಿ ಯಾವ ದಿನ ಕೈಗೆ ಬಂತು ಅಂತ ಬರೆದು ಆ ಮೇಲ್‌ನ ಅಥವಾ ಕವರಿನ ಫೋಟೋ ಲಗತ್ತಿಸಿ.

ಸಾಲ ತೀರಿಸಿದ್ದೀರಾ, ಬೇರೆ ಬ್ಯಾಂಕಿಗೆ ವರ್ಗಾಯಿಸಿದ್ದೀರಾ?

ಇದನ್ನು ಬಹಳ ಜನ ಮರೆಯುತ್ತಾರೆ, ಇದರಲ್ಲಿ ಸುಮ್ನೆ ದುಡ್ಡು ಬಿಟ್ಟುಬರುತ್ತಾರೆ. ಒಂದೇ ಸಲ ಪ್ರೀಮಿಯಂ ಕಟ್ಟಿದ 20 ವರ್ಷದ ಪಾಲಿಸಿ ಇದೆ, ಸಾಲವನ್ನು 8 ವರ್ಷಕ್ಕೇ ತೀರಿಸಿದಿರಿ. ಉಳಿದ 12 ವರ್ಷದ ವಿಮೆಯ ಗತಿ? ಪಾಲಿಸಿಯನ್ನು ಹಾಗೇ ಮುಂದುವರಿಸಬಹುದಾ, ಸರೆಂಡರ್ ಮಾಡಿದರೆ (ನಡುವೆಯೇ ಬಿಟ್ಟುಕೊಟ್ಟರೆ) ಎಷ್ಟು ವಾಪಸ್ ಅನ್ನುವುದು ಪಾಲಿಸಿಯ ಷರತ್ತಿನಲ್ಲೇ ಬರೆದಿರುತ್ತದೆ. ಆದರೆ ಕೇಳದೆ ಯಾರೂ ಕೊಡುವುದಿಲ್ಲ. ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನುವ ಪತ್ರ), ಮೂಲ ಕ್ರಯಪತ್ರ ವಾಪಸ್ ತರಲು ಹೋದ ದಿನವೇ ಇದರ ಅರ್ಜಿಯನ್ನೂ ಕೊಡಿ. ಇಪ್ಪತ್ತರಲ್ಲಿ ಹನ್ನೆರಡು ವರ್ಷ ಉಳಿದಿದೆ, ಹಾಗಾಗಿ ಐದರಲ್ಲಿ ಮೂರು ಪಾಲು ಬರುತ್ತದೆ ಅಂತ ಮಾತ್ರ ಲೆಕ್ಕ ಹಾಕಬೇಡಿ. ವಿಮೆ ಮೊತ್ತ ವರ್ಷ ವರ್ಷ ಇಳಿಯುವ ಪಾಲಿಸಿ ಅದು, ಜೊತೆಗೆ ಕಡಿತವೂ ಇರುತ್ತದೆ, ಕಮ್ಮಿಯೇ ಬರುತ್ತದೆ. ಲೆಕ್ಕ ಹೇಗೆ ಮಾಡಿದಿರಿ ಅಂತ ಬರಹದಲ್ಲಿ ಕೇಳಿ ಪಡೆಯಿರಿ.

ಬಡ್ಡಿ ಕಡಿಮೆ ಅಂತ ಸಾಲವನ್ನು ಇನ್ನೊಂದು ಬ್ಯಾಂಕಿಗೆ ಒಯ್ದವರಿಗೆ ಎರಡು ಸಲ ಪೆಟ್ಟು. ಹಳೆ ಪಾಲಿಸಿ ಬಗ್ಗೆ ಯಾರೂ ಮಾತಾಡುವುದಿಲ್ಲ, ಹೊಸ ಬ್ಯಾಂಕ್ ಹೊಸ ಪಾಲಿಸಿ ಸೇರಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಅಪಘಾತ, ಕೆಲಸ ಹೋಗುವುದು ಇಂಥದ್ದಕ್ಕೆ ಜನರಲ್ ಇನ್ಶೂರೆನ್ಸ್ (ಜೀವವಿಮೆ ಅಲ್ಲದ ವಿಮೆ) ಕಂಪನಿಯ ಪಾಲಿಸಿ ನಿಮ್ಮದೇ ಹೆಸರಿನಲ್ಲಿ ಬೇರೆಯಾಗಿ ಇದ್ದರೆ ಅದನ್ನು ನಡುವೆ ಯಾವಾಗ ಬೇಕಾದರೂ ರದ್ದು ಮಾಡಿಸಬಹುದು. ಹಲವು ವರ್ಷದ ಪಾಲಿಸಿಯಾದರೆ ಇನ್ನೂ ಶುರುವಾಗದ ವರ್ಷಗಳ ಪ್ರೀಮಿಯಂ ವಾಪಸ್ ಬರಬೇಕು.

ರದ್ದು ಮಾಡುವ ಮುಂಚೆ ಒಂದು ಮಾತು

ಸಿಟ್ಟಿನಲ್ಲಿ ಪಾಲಿಸಿ ರದ್ದು ಮಾಡಿ ಮನೆಯವರನ್ನು ಬರಿಗೈಯಲ್ಲಿ ಬಿಡಬೇಡಿ. ಮನೆ ಸಾಲ ದೊಡ್ಡ ಹೊರೆ, ದುಡಿಯುವವರು ಇಲ್ಲವಾದರೆ ಅದು ಹೆಂಡತಿ ಮಕ್ಕಳ ತಲೆ ಮೇಲೆ ಬೀಳುತ್ತದೆ. ವಯಸ್ಸು ಕಮ್ಮಿ, ಆರೋಗ್ಯ ಚೆನ್ನಾಗಿದೆ ಅಂದರೆ ಸಾಮಾನ್ಯ ಟರ್ಮ್ ಇನ್ಶೂರೆನ್ಸ್ (ನಿಗದಿತ ವರ್ಷಗಳೊಳಗೆ ತೀರಿಕೊಂಡರೆ ಮಾತ್ರ ದುಡ್ಡು ಕೊಡುವ ಜೀವವಿಮೆ) ಬಹುತೇಕ ಅಗ್ಗ, ಮೊತ್ತ ಇಳಿಯುವುದಿಲ್ಲ, ಸಾಲ ಯಾವ ಬ್ಯಾಂಕಿಗೆ ಹೋದರೂ ಪಾಲಿಸಿ ನಿಮ್ಮ ಜೊತೆಗಿರುತ್ತದೆ. ಅದನ್ನು ಮೊದಲು ಮಾಡಿಸಿ, ಪಾಲಿಸಿ ಕೈಗೆ ಬರಲಿ, ಆಮೇಲೆ ಇದನ್ನು ಬಿಡಿ. ವಯಸ್ಸು ಐವತ್ತು ದಾಟಿದೆ, ಶುಗರ್ ಬಿಪಿ ಇದೆ, ಹೊಸ ಪಾಲಿಸಿ ಸಿಗುವುದು ಕಷ್ಟ ಅಂತಿದ್ದರೆ ನನ್ನ ಸಲಹೆ ಬೇರೆ. ಈ ವಿಮೆಯನ್ನೇ ಇಟ್ಟುಕೊಳ್ಳಿ, ಫಾರ್ಮಿನಲ್ಲಿ ಆರೋಗ್ಯದ ವಿವರ ತಪ್ಪಿದ್ದರೆ ಈಗಲೇ ಬರಹದಲ್ಲಿ ಸರಿಪಡಿಸಿ. ಅದಕ್ಕೆ ಕಂಪನಿ ಪ್ರೀಮಿಯಂ ಹೆಚ್ಚಿಸಬಹುದು, ಬೇಡ ಅಂತಲೂ ಅನ್ನಬಹುದು. ಆದರೂ ಕ್ಲೇಮಿನ ದಿನ ಮನೆಯವರು ಜಗಳ ಆಡುವುದಕ್ಕಿಂತ ಇದು ವಾಸಿ.

ದೂರಿನ ಪತ್ರ

ವಿಮೆ ಕಂಪನಿಯ ದೂರು ವಿಭಾಗಕ್ಕೂ ಬ್ಯಾಂಕಿನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೂ ಒಟ್ಟಿಗೇ ಬರೆಯಿರಿ. ಇಲ್ಲದಿದ್ದರೆ ಬ್ಯಾಂಕ್ ವಿಮೆ ಕಂಪನಿ ಕಡೆ ತೋರಿಸುತ್ತದೆ, ವಿಮೆ ಕಂಪನಿ ಬ್ಯಾಂಕ್ ಕಡೆ ತೋರಿಸುತ್ತದೆ. ಪತ್ರ ಚಿಕ್ಕದಾಗಿರಲಿ. ಹೀಗೆ:

'ನನ್ನ ಸಾಲದ ಖಾತೆ ಸಂಖ್ಯೆ ಇಂಥದ್ದು, ವಿಮೆ ಸರ್ಟಿಫಿಕೇಟ್ ಸಂಖ್ಯೆ ಇಂಥದ್ದು. ಸಾಲ ಬಿಡುಗಡೆಯಾದ ದಿನ ರೂ. 1,60,000 ಅನ್ನು ವಿಮೆ ಪ್ರೀಮಿಯಂ ಎಂದು ಸಾಲಕ್ಕೆ ಸೇರಿಸಲಾಗಿದೆ. ವಿಮೆ ಇಲ್ಲದೆ ಸಾಲ ಸಿಗುವುದಿಲ್ಲ ಎಂದು ಶಾಖೆಯವರು ಹೇಳಿದ್ದರು. ಇದು ನನ್ನ ಇಷ್ಟಕ್ಕೆ ಬಿಟ್ಟದ್ದು ಎಂದು ಯಾರೂ ತಿಳಿಸಲಿಲ್ಲ. ನಾನು ಸ್ವಂತ ವ್ಯಾಪಾರ ಮಾಡುವವನು, ಕೆಲಸ ಹೋದರೆ ಸಿಗುವ ಸೌಲಭ್ಯ ನನಗೆ ಅನ್ವಯಿಸುವುದೇ ಇಲ್ಲ. ಪಾಲಿಸಿಯನ್ನು ಮೊದಲ ದಿನದಿಂದಲೇ ರದ್ದು ಮಾಡಿ ಪೂರ್ತಿ ಪ್ರೀಮಿಯಂ ವಾಪಸ್ ಕೊಡಿ. ಆ ಮೊತ್ತದ ಮೇಲೆ ಇಲ್ಲಿಯವರೆಗೆ ಹಾಕಿದ ಬಡ್ಡಿಯನ್ನೂ ವಾಪಸ್ ಕೊಡಿ. ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಿ, ಜೊತೆಗೆ ಪ್ರಪೋಸಲ್ ಫಾರ್ಮ್, ಒಟಿಪಿ ದಾಖಲೆ, ಪರಿಶೀಲನಾ ಕರೆಯ ರೆಕಾರ್ಡಿಂಗ್ ಕೊಡಿ.'

ಉದ್ಯೋಗದ ಬಗ್ಗೆ ಇರುವ ವಾಕ್ಯವನ್ನು ನಿಮ್ಮ ಪರಿಸ್ಥಿತಿಗೆ ತಕ್ಕಂತೆ ಬದಲಿಸಿ. ನಡೆಯದ್ದನ್ನು ಸೇರಿಸಬೇಡಿ, ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ಒಂಬತ್ತು ನಿಜಕ್ಕೂ ಬೆಲೆ ಇರುವುದಿಲ್ಲ. ಇಮೇಲ್‌ನಲ್ಲಿ ಕಳಿಸಿ, ಸ್ಪೀಡ್ ಪೋಸ್ಟ್‌ನಲ್ಲೂ ಒಂದು ಕಳಿಸಿ, ರಸೀದಿ ಇಟ್ಟುಕೊಳ್ಳಿ. ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಈ ನಡುವೆ ಕಂತು ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡಿ, ಸಿಬಿಲ್ ಸ್ಕೋರ್ ಹಾಳಾಗುತ್ತದೆ, ಜಗಳ ಬೇರೆ ಕಡೆಗೆ ತಿರುಗುತ್ತದೆ.

ಅವರು ಒಪ್ಪದಿದ್ದರೆ

ವಿಮೆ ಕಂಪನಿ 14 ದಿನದಲ್ಲಿ ದೂರು ಬಗೆಹರಿಸಬೇಕು. ಆಗದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಹಾಕಿ, ಅಥವಾ 155255ಕ್ಕೆ ಫೋನ್ ಮಾಡಿ. ಐಆರ್‌ಡಿಎಐ ತಾನೇ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತದೆ. ಆದರೂ ಮೇಲಿನವರ ಕಣ್ಣಿಗೆ ಬಿದ್ದ ಮೇಲೆ ಕೆಲವು ಫೈಲುಗಳು ತಾವಾಗಿ ಚುರುಕಾಗುತ್ತವೆ.

ತೀರ್ಪು ಬೇಕು ಅಂದರೆ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರು ವಿಚಾರಿಸಿ ತೀರ್ಮಾನ ಕೊಡುವ ಅಧಿಕಾರಿ) ಹತ್ತಿರ ಹೋಗಬೇಕು. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ ಸೌಧದಲ್ಲಿದೆ. ಆನ್‌ಲೈನ್‌ನಲ್ಲೂ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ಕಂಪನಿ ನಿಮ್ಮ ದೂರನ್ನು ತಳ್ಳಿಹಾಕಿರಬೇಕು, ಇಲ್ಲವೇ ಒಂದು ತಿಂಗಳಾದರೂ ಉತ್ತರ ಕೊಟ್ಟಿರಬಾರದು. ಅಲ್ಲಿಂದ ಒಂದು ವರ್ಷದೊಳಗೆ ಹೋಗಬೇಕು. 50 ಲಕ್ಷ ರೂಪಾಯಿವರೆಗಿನ ಪರಿಹಾರಕ್ಕೆ ಆದೇಶ ಮಾಡುವ ಅಧಿಕಾರ ಇದೆ, ಗುಂಪು ಪಾಲಿಸಿಯ ದೂರನ್ನೂ ತೆಗೆದುಕೊಳ್ಳುತ್ತಾರೆ. ಪ್ರಪೋಸಲ್ ಫಾರ್ಮಿನಲ್ಲಿ ಒಂದು, ಪಾಲಿಸಿಯಲ್ಲಿ ಇನ್ನೊಂದು ಇದ್ದರೆ ಅದು ಇಲ್ಲಿ ನೇರವಾಗಿ ದೂರಿಗೆ ಆಧಾರ. ಅದಕ್ಕೇ ಆ ಫಾರ್ಮನ್ನು ಮೊದಲೇ ಪಡೆಯಿರಿ ಅಂದಿದ್ದು.

ಬ್ಯಾಂಕಿನ ನಡವಳಿಕೆ ಮೇಲೆ ದೂರು ಅಂದರೆ ಆರ್‌ಬಿಐ ಓಂಬುಡ್ಸ್‌ಮನ್. ಬ್ಯಾಂಕಿಗೆ ಮೊದಲು ಬರೆದು 30 ದಿನ ಕೊಡಿ, ಆಮೇಲೆ ಆರ್‌ಬಿಐನ ಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಿ. ಮಾಹಿತಿಗೆ 14448. ಸಾಲ ಕೊಟ್ಟಿದ್ದು ಬ್ಯಾಂಕ್ ಅಲ್ಲ, ಹೌಸಿಂಗ್ ಫೈನಾನ್ಸ್ ಕಂಪನಿ ಅಂತಿದ್ದರೆ ಅದು ಈ ಓಂಬುಡ್ಸ್‌ಮನ್ ಯೋಜನೆಗೆ ಬರುವುದಿಲ್ಲ, ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ಗ್ರಿಡ್ಸ್ ಪೋರ್ಟಲ್‌ನಲ್ಲಿ ಹಾಕಬೇಕು. ಬ್ಯಾಂಕಿನ ಹೆಸರನ್ನೇ ಹೋಲುವ ಹೆಸರಿನ ಫೈನಾನ್ಸ್ ಕಂಪನಿಗಳಿವೆ, ಕರಾರಿನಲ್ಲಿ ಹೆಸರು ಸರಿಯಾಗಿ ಓದಿ.

ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವಿರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ವಿಮೆ ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ಪರವಾಗಿಲ್ಲ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಎರಡು ವರ್ಷದ ಗಡುವಿದೆ, ತಡವಾಗಿದ್ದರೆ ತಕ್ಕ ಕಾರಣ ತೋರಿಸಬೇಕಾಗುತ್ತದೆ. ಒಂದೇ ವಿಷಯಕ್ಕೆ ಓಂಬುಡ್ಸ್‌ಮನ್ ಹತ್ತಿರವೂ ಆಯೋಗದಲ್ಲೂ ಏಕಕಾಲಕ್ಕೆ ಹೋಗಬೇಡಿ, ಒಂದು ಕಡೆ ಬಾಗಿಲು ಮುಚ್ಚುತ್ತದೆ.

'ನಿಮ್ಮ ಪಾಲಿಸಿ ದುಡ್ಡು ವಾಪಸ್ ಕೊಡಿಸುತ್ತೇವೆ, ಮೊದಲು ಜಿಎಸ್‌ಟಿ ಕಟ್ಟಿ' ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಐಆರ್‌ಡಿಎಐ ಆಗಲಿ ಓಂಬುಡ್ಸ್‌ಮನ್ ಆಗಲಿ ಹೀಗೆ ಫೋನ್ ಮಾಡಿ ದುಡ್ಡು ಕೇಳುವುದಿಲ್ಲ.

ಬ್ರಿಟನ್‌ನಲ್ಲಿರುವ ಕನ್ನಡಿಗರಿಗೆ

ಅಲ್ಲಿ ಇದೇ ಕಥೆ ಪಿಪಿಐ (ಸಾಲದ ಕಂತಿಗೆ ಮಾಡಿಸುವ ವಿಮೆ) ಹೆಸರಲ್ಲಿ ನಡೆದು ಬ್ಯಾಂಕ್‌ಗಳು ಒಟ್ಟು 38 ಬಿಲಿಯನ್ ಪೌಂಡ್ ಆಸುಪಾಸು ವಾಪಸ್ ಕೊಟ್ಟವು. ಕಮಿಷನ್ ಮುಚ್ಚಿಟ್ಟಿದ್ದೇ ಅನ್ಯಾಯ ಅಂತ 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಪ್ಲೆವಿನ್ ಪ್ರಕರಣ ಅಂತ ಅದಕ್ಕೆ ಹೆಸರು, ಪ್ರೀಮಿಯಂನಲ್ಲಿ 71.8% ಕಮಿಷನ್‌ಗೇ ಹೋಗಿತ್ತು. ಹಳೆ ಪಾಲಿಸಿಗಳಿಗೆ ದೂರು ಕೊಡುವ ಗಡುವು 2019ರ ಆಗಸ್ಟ್ 29ಕ್ಕೆ ಮುಗಿದಿದೆ. ಇತ್ತೀಚೆಗೆ ಮಾರ್ಟ್‌ಗೇಜ್ ಜೊತೆ ಮಾರಿದ ಪಾಲಿಸಿಯಾದರೆ ಮೊದಲು ಮಾರಿದವರಿಗೆ ಬರೆಯಿರಿ, 8 ವಾರದಲ್ಲಿ ಸರಿಯಾದ ಉತ್ತರ ಬರದಿದ್ದರೆ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಿ. ಭಾರತದಲ್ಲಿ ಅಂಥ ಸಾಮೂಹಿಕ ಪರಿಹಾರ ಇಲ್ಲ, ಒಬ್ಬೊಬ್ಬರೂ ತಮ್ಮ ಫೈಲ್ ಹಿಡಿದು ಹೋಗಬೇಕು.

ದುಡ್ಡು ಬಂದ ಮೇಲೆ

ಪ್ರೀಮಿಯಂ ಸಾಲದಿಂದ ಹೋಗಿದ್ದರೆ ವಾಪಸಾತಿ ಬಹುಪಾಲು ಸಾಲದ ಖಾತೆಗೇ ಬರುತ್ತದೆ. ಬಂದ ದಿನದ ಸ್ಟೇಟ್‌ಮೆಂಟ್ ತೆಗೆದು, ಅದು ಅಸಲಿನಲ್ಲಿ ಕಡಿಮೆಯಾಗಿದೆಯಾ ನೋಡಿ. ಕೆಲವು ಸಲ ಮುಂದಿನ ಕಂತುಗಳಿಗೆ ಮುಂಗಡ ಅಂತ ಇಟ್ಟುಕೊಳ್ಳುತ್ತಾರೆ, ಆಗ ಅಸಲು ಇಳಿಯುವುದಿಲ್ಲ, ಬಡ್ಡಿಯೂ ಇಳಿಯುವುದಿಲ್ಲ. ಅಸಲಿಗೇ ಹಾಕಿ ಅಂತ ಬರೆದುಕೊಡಿ. ಕಂತು ಕಡಿಮೆ ಮಾಡಬೇಕಾ, ಅವಧಿ ಕಡಿಮೆ ಮಾಡಬೇಕಾ ಅಂತಲೂ ತಿಳಿಸಿ. ಈಗಿನ ಕಂತು ಕಟ್ಟಲು ಕೈಲಾಗುತ್ತದೆ ಅಂದರೆ ಅವಧಿ ಕಡಿಮೆ ಮಾಡಿಸುವುದೇ ಲಾಭ. ಹೊಸ ಕಂತಿನ ಪಟ್ಟಿಯನ್ನು ಕೇಳಿ ಪಡೆದು, ಪಾಲಿಸಿ ರದ್ದಾದ ಪತ್ರದ ಜೊತೆ ಫೈಲಿಗೆ ಸೇರಿಸಿ.